ಗೋಡೆಯ ಕಲೆ ಉಜ್ಜುವ ಮೊದಲು ಗೋಡೆಯನ್ನು ತಿಳಿಯಿರಿ

"ಮಗು ಹಾಲ್ ಗೋಡೆ ತುಂಬ ಕ್ರೆಯಾನ್ ಗೀಚಿದೆ, ಏನು ಮಾಡೋದು?" "ಬಾಡಿಗೆ ಮನೆ ಖಾಲಿ ಮಾಡ್ತಿದ್ದೀವಿ, ಮಂಚದ ಹಿಂದಿನ ಎಣ್ಣೆ ಕಲೆ ಹೋಗುತ್ತಾ?" ಈ ಎರಡು ಪ್ರಶ್ನೆಗಳು ನನಗೆ ಪದೇ ಪದೇ ಬರುತ್ತವೆ. ಎರಡನೆಯ ಪ್ರಶ್ನೆಯ ಹಿಂದಿನ ಚಿಂತೆಯೂ ಗೊತ್ತು. ಬೆಂಗಳೂರಿನಲ್ಲಿ ಮನೆ ಬಿಡುವಾಗ ಪೇಂಟಿಂಗ್ ಲೆಕ್ಕದಲ್ಲಿ ಅಡ್ವಾನ್ಸ್‌ನಿಂದ ಒಂದು ತಿಂಗಳ ಬಾಡಿಗೆಯಷ್ಟು ಹಿಡಿದುಕೊಳ್ಳುವುದು ಮಾಮೂಲು. ಹಾಗಾಗಿ ಒಂದೇ ಕಡೆ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ನಾನು ನೋಡಿದ ಹಾಳಾದ ಗೋಡೆಗಳಲ್ಲಿ ಹೆಚ್ಚಿನವು ಕಲೆಯಿಂದ ಹಾಳಾದವಲ್ಲ, ಉಜ್ಜಿ ಹಾಳಾದವು. ಅಂಗೈಯಷ್ಟಿದ್ದ ಪೆನ್ಸಿಲ್ ಗುರುತನ್ನು ಪಾತ್ರೆ ತಿಕ್ಕುವ ನಾರಿನಿಂದ ಉಜ್ಜಿ, ತಟ್ಟೆಯಗಲ ಪುಟ್ಟಿ (ಪೇಂಟ್ ಕೆಳಗೆ ಗೋಡೆ ನಯ ಮಾಡಲು ಬಳಿದ ಬಿಳಿ ಪದರ) ಕಾಣುವ ಹಾಗೆ ಮಾಡಿಕೊಂಡವರಿದ್ದಾರೆ. ಕಲೆ ಯಾವುದು ಅನ್ನುವುದಕ್ಕಿಂತ ಮೊದಲು ಗೋಡೆಗೆ ಹೊಡೆದಿರುವುದು ಯಾವ ಬಣ್ಣ ಅನ್ನುವುದು ಗೊತ್ತಾಗಬೇಕು.

1. ಯಾವ ಪೇಂಟ್ ಅಂತ ಪತ್ತೆ ಮಾಡಿ

ನಮ್ಮ ಮನೆಗಳ ಒಳಗೋಡೆಗಳಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆ ಸಿಗುತ್ತವೆ.

ಸುಣ್ಣ: ಹಳೆ ಮನೆಗಳು, ಉಗ್ರಾಣ, ಹಿತ್ತಲ ಕಡೆಯ ಕೋಣೆಗಳು. ಕೈಯಿಟ್ಟರೆ ಬಿಳಿ ಪುಡಿ ಅಂಟುತ್ತದೆ.

ಡಿಸ್ಟೆಂಪರ್: ಸೀಮೆಸುಣ್ಣದಂಥ ಪುಡಿಗೆ ಸ್ವಲ್ಪ ಅಂಟು ಸೇರಿಸಿ ಮಾಡಿದ ಅಗ್ಗದ ಬಣ್ಣ. ಬಾಡಿಗೆ ಮನೆಗಳಲ್ಲಿ ಇದೇ ಜಾಸ್ತಿ. ನೋಡಲು ಹೊಳಪಿರುವುದಿಲ್ಲ, ನೀರು ಬಿದ್ದರೆ ಆ ಜಾಗ ತಕ್ಷಣ ಕಪ್ಪಾಗಿ ಕಾಣುತ್ತದೆ.

ಎಮಲ್ಷನ್: ಪ್ಲಾಸ್ಟಿಕ್ ಪೇಂಟ್ ಅಂತಲೂ ಕರೆಯುತ್ತಾರೆ. ಒಣಗಿದ ಮೇಲೆ ಗೋಡೆಯ ಮೇಲೆ ತೆಳುವಾದ ಪ್ಲಾಸ್ಟಿಕ್ ಪದರದ ಹಾಗೆ ಕೂರುತ್ತದೆ. ಇದರಲ್ಲೂ ಮೇಲು ಕೀಳು ಇದೆ. ಅಗ್ಗದ್ದು ಒರೆಸಿದರೆ ಸ್ವಲ್ಪ ಬಣ್ಣ ಬಿಡುತ್ತದೆ, ದುಬಾರಿಯದು ಚೆನ್ನಾಗಿ ತಡೆಯುತ್ತದೆ.

ಎಣ್ಣೆ ಪೇಂಟ್: ಅಂದರೆ ಇನಾಮಲ್. ಗಾಜಿನಂತೆ ಹೊಳೆಯುತ್ತದೆ. ಬಾಗಿಲು, ಕಿಟಕಿಗಳಿಗೆ ಹೊಡೆಯುವುದು ಇದೇ. ಹಳೆಯ ಮನೆಗಳಲ್ಲಿ ಸೊಂಟದೆತ್ತರದವರೆಗೆ ಗೋಡೆಗೂ ಹೊಡೆಯುತ್ತಿದ್ದರು.

ಪರೀಕ್ಷೆ ಸುಲಭ. ಬೀರುವಿನ ಹಿಂದೆಯೋ ಬಾಗಿಲ ಸಂದಿಯಲ್ಲೋ ಕಣ್ಣಿಗೆ ಬೀಳದ ಜಾಗ ಹುಡುಕಿ. ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ, ಬೆರಳಿಗೆ ಸುತ್ತಿಕೊಂಡು, ಹತ್ತು ಸಲ ಮೆಲ್ಲಗೆ ಒರೆಸಿ. ಬಟ್ಟೆಗೆ ಬಣ್ಣ ಧಾರಾಳವಾಗಿ ಬಂತು ಅಂದರೆ ಅದು ಸುಣ್ಣ ಅಥವಾ ಡಿಸ್ಟೆಂಪರ್. ಬರಲೇ ಇಲ್ಲ, ಇಲ್ಲವೇ ಚೂರೇ ಬಂತು ಅಂದರೆ ಎಮಲ್ಷನ್ ಅಥವಾ ಎಣ್ಣೆ ಪೇಂಟ್. ಇವೆರಡರಲ್ಲಿ ಯಾವುದು ಎಂಬ ಅನುಮಾನ ಉಳಿದರೆ ಮೆಡಿಕಲ್ ಶಾಪ್‌ನಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್ ಅನ್ನು ಹತ್ತಿಗೆ ಹಾಕಿ ಅದೇ ಜಾಗದಲ್ಲಿ ಉಜ್ಜಿ ನೋಡಿ. ಎಮಲ್ಷನ್ ಮೆತ್ತಗಾಗಿ ಹತ್ತಿಗೆ ಬರುತ್ತದೆ, ಎಣ್ಣೆ ಪೇಂಟ್ ಜಗ್ಗುವುದಿಲ್ಲ. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಪೆನ್ನಿನ ಕಲೆಗೆ ಬಂದಾಗ ಬೇಕಾಗುತ್ತದೆ.

ಹೊಸದಾಗಿ ಪೇಂಟ್ ಮಾಡಿಸಿದ್ದರೆ ಸುಮಾರು ಒಂದು ತಿಂಗಳು ನೀರು ತಾಗಿಸಬೇಡಿ. ಮುಟ್ಟಿದರೆ ಒಣಗಿದಂತೆ ಕಂಡರೂ ಪದರ ಪೂರ್ತಿ ಗಟ್ಟಿಯಾಗಿರುವುದಿಲ್ಲ.

2. ಸಾಮಾನು ಹೊಂದಿಸಿಕೊಳ್ಳಿ

ವಿಶೇಷವಾದದ್ದೇನೂ ಬೇಕಿಲ್ಲ. ಎರಡು ಬಕೆಟ್, ಮೆತ್ತನೆ ಸ್ಪಂಜ್, ಹಳೆ ಬನಿಯನ್ ಅಥವಾ ಪಂಚೆಯ ಬಿಳಿ ಬಟ್ಟೆ ನಾಲ್ಕೈದು ತುಂಡು, ಪಾತ್ರೆ ತೊಳೆಯುವ ಲಿಕ್ವಿಡ್, ಬಿಳಿ ರಬ್ಬರ್, ಟಾಲ್ಕಮ್ ಪೌಡರ್, ಸರ್ಜಿಕಲ್ ಸ್ಪಿರಿಟ್, ಬಿಳಿ ವಿನೆಗರ್, ಕೈಗೆ ರಬ್ಬರ್ ಗ್ಲೌಸ್. ಬಟ್ಟೆ ಬಿಳಿಯದೇ ಇರಲಿ. ಬಣ್ಣದ ಬಟ್ಟೆಯ ರಂಗು ಗೋಡೆಗೆ ಹತ್ತುತ್ತದೆ. ಗೋಡೆಯ ಬಣ್ಣ ಬಿಡುತ್ತಿದೆಯಾ ಅನ್ನುವುದೂ ಬಿಳಿ ಬಟ್ಟೆಯಲ್ಲೇ ಬೇಗ ಗೊತ್ತಾಗುವುದು.

ಬೇಡವಾದದ್ದು: ಸ್ಟೀಲ್ ನಾರು, ಹಸಿರು ಸ್ಕ್ರಬ್ಬರ್, ಬಟ್ಟೆ ಬ್ರಷ್, ಪಾತ್ರೆ ಪುಡಿ. ಸೀಗೆಪುಡಿ, ಅಂಟುವಾಳದ ನೀರು ಮೃದು ನಿಜ, ಆದರೆ ತಿಳಿ ಬಣ್ಣದ ಗೋಡೆಗೆ ತಮ್ಮದೇ ಕಂದು ಛಾಯೆ ಬಿಟ್ಟು ಹೋಗುತ್ತವೆ.

ಅಂಗಡಿಯಲ್ಲಿ ಮ್ಯಾಜಿಕ್ ಸ್ಪಂಜ್ ಅಂತ ಬಿಳಿ ತುಂಡು ಸಿಗುತ್ತದಲ್ಲ, ಅದು ಮುಟ್ಟಲು ಮೆತ್ತಗಿದ್ದರೂ ಕೆಲಸ ಮಾಡುವುದು ತೀರಾ ನಯವಾದ ಉಜ್ಜುಕಾಗದದ ಹಾಗೆ. ಕಲೆಯ ಜೊತೆ ಪೇಂಟ್‌ನ ಮೇಲ್ಪದರವನ್ನೂ ಸವೆಸುತ್ತದೆ. ಹೊಳಪಿಲ್ಲದ ಮ್ಯಾಟ್ ಗೋಡೆಯಲ್ಲಿ ಉಜ್ಜಿದ ಜಾಗ ಮಾತ್ರ ಹೊಳೆಯತೊಡಗುತ್ತದೆ. ಟೂತ್‌ಪೇಸ್ಟ್ ಮತ್ತು ಅಡುಗೆ ಸೋಡಾದ ಪೇಸ್ಟ್ ಕೂಡ ಇದೇ ಜಾತಿ. ಬೇರೆ ಯಾವುದೂ ಕೆಲಸ ಮಾಡದಿದ್ದಾಗ ಮಾತ್ರ ಬಳಸಿ, ಒತ್ತದೆ ಬಳಸಿ.

3. ಮೊದಲು ಒಣ ಕೆಲಸ

ಬಲೆ ಹೊಡೆದು, ಮೆತ್ತನೆ ಪೊರಕೆಗೆ ಒಣ ಬಟ್ಟೆ ಸುತ್ತಿ ಗೋಡೆಯ ಧೂಳನ್ನು ಮೇಲಿಂದ ಕೆಳಕ್ಕೆ ಇಳಿಸಿ. ಇದನ್ನು ಬಿಟ್ಟು ನೇರವಾಗಿ ಒದ್ದೆ ಬಟ್ಟೆ ಹಾಕಿದರೆ ಧೂಳು ಕೆಸರಾಗಿ ಗೋಡೆ ತುಂಬ ಹರಡುತ್ತದೆ.

ಎಷ್ಟೋ ಗುರುತು ಈ ಹಂತದಲ್ಲೇ ಹೋಗುತ್ತವೆ. ಪೆನ್ಸಿಲ್ ಗೀಟು, ಕುರ್ಚಿ ತಾಗಿದ ಕಪ್ಪು ಗೆರೆ, ಚಪ್ಪಲಿ ಉಜ್ಜಿದ ಗುರುತು, ಇವಕ್ಕೆ ಬಿಳಿ ರಬ್ಬರ್ ಸಾಕು. ಡಿಸ್ಟೆಂಪರ್ ಗೋಡೆಯ ಬೆರಳಚ್ಚಿಗೆ ಬ್ರೆಡ್ಡಿನ ಬಿಳಿ ಭಾಗವನ್ನು ಉಂಡೆ ಮಾಡಿ ಮೆಲ್ಲಗೆ ಒತ್ತಿ ತೆಗೆಯಿರಿ, ಕೊಳೆ ಅದಕ್ಕೆ ಅಂಟಿಕೊಂಡು ಬರುತ್ತದೆ. ಇದು ಹಳೆಯ ಉಪಾಯ. ಮಕ್ಕಳು ಆಡುವ ಪ್ಲೇ ಡೋ ಕೂಡ ಅಮೆರಿಕದಲ್ಲಿ ಮೊದಲು ಹುಟ್ಟಿದ್ದು ಗೋಡೆ ಕಾಗದದ ಮೇಲಿನ ಕಲ್ಲಿದ್ದಲ ಮಸಿ ತೆಗೆಯುವ ಹಿಟ್ಟಾಗಿ.

4. ತೊಳೆಯುವ ಕ್ರಮ

ಇದು ಎಮಲ್ಷನ್ ಮತ್ತು ಎಣ್ಣೆ ಪೇಂಟ್‌ಗೆ ಮಾತ್ರ. ಸುಣ್ಣದ ಗೋಡೆಗೆ ಬೇಡವೇ ಬೇಡ. ಡಿಸ್ಟೆಂಪರ್‌ಗೆ ಪೂರ್ತಿ ಹಿಂಡಿದ ಬಟ್ಟೆಯಲ್ಲಿ ಕಲೆಯನ್ನಷ್ಟೇ ಒಂದೆರಡು ಸಲ ಒತ್ತಿ ತೆಗೆಯಬಹುದು, ಅಷ್ಟೇ.

ಒಂದು ಬಕೆಟ್‌ನಲ್ಲಿ ಉಗುರು ಬೆಚ್ಚಗಿನ ನೀರು ತೆಗೆದುಕೊಳ್ಳಿ. ಲೀಟರಿಗೆ ಅರ್ಧ ಟೀ ಚಮಚ ಪಾತ್ರೆ ಲಿಕ್ವಿಡ್ ಸಾಕು. ಜಾಸ್ತಿ ಹಾಕಿದರೆ ಸೋಪಿನ ಅಂಟು ಗೋಡೆಯಲ್ಲೇ ಉಳಿದು ಮತ್ತೆ ಧೂಳು ಹಿಡಿಯುತ್ತದೆ. ಇನ್ನೊಂದು ಬಕೆಟ್‌ನಲ್ಲಿ ಬರೀ ನೀರು.

ಸ್ಪಂಜನ್ನು ಸೋಪಿನ ನೀರಲ್ಲಿ ಅದ್ದಿ, ಹನಿ ಬೀಳದಷ್ಟು ಹಿಂಡಿ, ಕೆಳಗಿನಿಂದ ಮೇಲಕ್ಕೆ ಒರೆಸುತ್ತಾ ಹೋಗಿ. ಕೇಳಲು ಉಲ್ಟಾ ಅನ್ನಿಸುತ್ತದೆ, ಅಲ್ವಾ? ಕಾರಣ ಇದೆ. ಮೇಲಿಂದ ಶುರು ಮಾಡಿದರೆ ಸೋಪಿನ ನೀರು ಕೆಳಗಿನ ಒಣ ಕೊಳೆಯ ಮೇಲೆ ಹರಿದು ಉದ್ದುದ್ದ ಗೆರೆ ಮಾಡುತ್ತದೆ. ಆ ಗೆರೆ ತೆಗೆಯುವುದು ಮೂಲ ಕಲೆಗಿಂತ ಕಷ್ಟ. ಮೊದಲೇ ಒದ್ದೆಯಾದ ಗೋಡೆಯ ಮೇಲೆ ಹರಿದರೆ ಗೆರೆ ಉಳಿಯುವುದಿಲ್ಲ. ಆಮೇಲೆ ಬರೀ ನೀರಿನ ಬಟ್ಟೆಯಲ್ಲಿ ಮೇಲಿಂದ ಕೆಳಕ್ಕೆ ಒರೆಸಿ, ಕೊನೆಗೆ ಒಣ ಬಟ್ಟೆಯಲ್ಲಿ ತೇವ ಹೀರಿಸಿ, ಫ್ಯಾನ್ ಹಾಕಿ.

ಒಂದೇ ಕಲೆ ಇದ್ದು ಅದರ ಸುತ್ತಷ್ಟೇ ಒರೆಸಿದರೆ ಆ ಜಾಗ ಮಾತ್ರ ಬೆಳ್ಳಗೆ ಎದ್ದು ಕಾಣುತ್ತದೆ. ನಾಲ್ಕೈದು ವರ್ಷದ ಗೋಡೆಯಾದರೆ ಒಂದು ಮೂಲೆಯಿಂದ ಇನ್ನೊಂದು ಮೂಲೆವರೆಗೆ ಪೂರ್ತಿ ಗೋಡೆ ಒರೆಸುವುದೇ ಸರಿ. ಮಳೆಗಾಲದಲ್ಲಿ ಈ ಕೆಲಸ ಇಟ್ಟುಕೊಳ್ಳಬೇಡಿ, ಗೋಡೆ ಬೇಗ ಒಣಗುವುದಿಲ್ಲ.

ಸ್ವಿಚ್ ಬೋರ್ಡ್ ಸುತ್ತಲಿನ ಕೈ ಕೊಳೆಗೆ: ಮೊದಲು ಆ ಕೋಣೆಯ ಎಂಸಿಬಿ (ಮನೆಯ ಮುಖ್ಯ ಬೋರ್ಡಿನಲ್ಲಿ ಆ ಕೋಣೆಗೆ ಕರೆಂಟ್ ಕೊಡುವ ಸ್ವಿಚ್) ಆಫ್ ಮಾಡಿ. ನೀರನ್ನು ಗೋಡೆಗೆ ಸ್ಪ್ರೇ ಮಾಡಬೇಡಿ, ಬಟ್ಟೆಗೆ ಹಾಕಿ ಹಿಂಡಿ ಒರೆಸಿ. ಪೂರ್ತಿ ಒಣಗಿದ ಮೇಲೆ ಕರೆಂಟ್ ಹಾಕಿ. ಇದರಲ್ಲಿ ಅವಸರ ಬೇಡ.

5. ಕಲೆಗೆ ತಕ್ಕ ಮದ್ದು

ಏನೇ ಹಾಕುವುದಿದ್ದರೂ ಮೊದಲು ಕಾಣದ ಮೂಲೆಯಲ್ಲಿ ಹಾಕಿ, ಒಣಗುವ ತನಕ ಕಾದು ನೋಡಿ. ಕಲೆಯನ್ನು ಅಂಚಿನಿಂದ ನಡುವಿಗೆ ಒತ್ತಿ ತೆಗೆಯಿರಿ. ನಡುವಿನಿಂದ ಹೊರಕ್ಕೆ ಉಜ್ಜಿದರೆ ಕಲೆ ದೊಡ್ಡದಾಗುತ್ತದೆ.

ಕ್ರೆಯಾನ್. ಇದು ಮೇಣ. ನೀರಿಗೆ ಜಗ್ಗುವುದಿಲ್ಲ, ಬಿಸಿಗೆ ಕರಗುತ್ತದೆ. ಹೇರ್ ಡ್ರೈಯರ್‌ನಲ್ಲಿ ಕೆಲವು ಸೆಕೆಂಡ್ ಬಿಸಿ ಮಾಡಿ, ಮೇಣ ಮೆತ್ತಗಾದಾಗ ಒಣ ಬಟ್ಟೆಯನ್ನು ಒತ್ತಿ ಎತ್ತಿ. ಪ್ರತಿ ಸಲ ಬಟ್ಟೆಯ ಹೊಸ ಭಾಗ ಬಳಸಿ. ಉಳಿದ ಬಣ್ಣಕ್ಕೆ ಪಾತ್ರೆ ಲಿಕ್ವಿಡ್‌ನ ಒಂದು ಹನಿ ಹಾಕಿದ ಒದ್ದೆ ಬಟ್ಟೆ. ಡಿಸ್ಟೆಂಪರ್ ಗೋಡೆಯಲ್ಲಿ ಮೇಣ ಕರಗಿ ಒಳಕ್ಕೆ ಇಳಿಯುತ್ತದೆ, ಹಾಗಾಗಿ ಅಲ್ಲಿ ಬಿಸಿ ಬೇಡ. ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಮೇಲುಮೇಲೆ ಕೆರೆದು, ರಬ್ಬರ್ ಹಾಕಿ, ಅಲ್ಲಿಗೆ ನಿಲ್ಲಿಸಿ.

ಬಾಲ್ ಪೆನ್, ಮಾರ್ಕರ್. ಸ್ಪಿರಿಟ್ ಅಥವಾ ಕೈಗೆ ಹಾಕುವ ಸ್ಯಾನಿಟೈಸರ್ ಶಾಯಿಯನ್ನು ಕರಗಿಸುತ್ತದೆ. ಎಮಲ್ಷನ್ ಪೇಂಟನ್ನೂ ಕರಗಿಸುತ್ತದೆ ಅಂತ ಆಗಲೇ ಹೇಳಿದೆನಲ್ಲ. ಆದ್ದರಿಂದ ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಅದ್ದಿ, ಗೆರೆಯ ಮೇಲೆ ಮಾತ್ರ ತಾಗಿಸಿ, ತಕ್ಷಣ ಒಣ ಹತ್ತಿಯಿಂದ ಹೀರಿಸಿ. ಹತ್ತಿಗೆ ಗೋಡೆಯ ಬಣ್ಣ ಬರಲು ಶುರುವಾದರೆ ನಿಲ್ಲಿಸಿ. ಕಿಟಕಿ ತೆರೆದಿರಲಿ, ಹತ್ತಿರ ದೀಪ, ಊದುಬತ್ತಿ, ಒಲೆ ಉರಿಯುತ್ತಿರಬಾರದು. ಸ್ಪಿರಿಟ್ ಬೇಗ ಬೆಂಕಿ ಹಿಡಿಯುತ್ತದೆ.

ಮಂಚದ ಹಿಂದಿನ ತಲೆ ಎಣ್ಣೆ ಕಲೆ. ಕೊಬ್ಬರಿ ಎಣ್ಣೆ ಹಚ್ಚುವ ಮನೆಗಳಲ್ಲೆಲ್ಲ ಇರುವ ತೊಂದರೆ. ಎಣ್ಣೆ ಗೋಡೆಯ ಮೇಲೆ ಇರುವುದಿಲ್ಲ, ಒಳಗೆ ಇಳಿದಿರುತ್ತದೆ. ಹಾಗಾಗಿ ಒರೆಸುವುದಲ್ಲ, ಹೀರಿಸಬೇಕು. ಟಾಲ್ಕಮ್ ಪೌಡರ್ ಅಥವಾ ಕಾರ್ನ್‌ಫ್ಲೋರ್‌ಗೆ ಚೂರೇ ನೀರು ಹಾಕಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಕಲೆಯ ಮೇಲೆ ದಪ್ಪಗೆ ಮೆತ್ತಿ, ರಾತ್ರಿಯಿಡೀ ಬಿಡಿ. ಒಣಗಿದ ಮೇಲೆ ಮೆಲ್ಲಗೆ ಉದುರಿಸಿ. ಡಿಸ್ಟೆಂಪರ್ ಆದರೆ ನೀರು ಬೇಡ, ಒಣ ಪೌಡರನ್ನೇ ಹತ್ತಿಯಿಂದ ತಟ್ಟಿ. ಇನ್ನೂ ಉಳಿದರೆ, ಬಿಳಿ ಟಿಶ್ಯೂ ಕಾಗದ ಎರಡು ಪದರ ಇಟ್ಟು ಅದರ ಮೇಲೆ ತೀರಾ ಕಡಿಮೆ ಬಿಸಿಯ ಇಸ್ತ್ರಿಪೆಟ್ಟಿಗೆಯನ್ನು ಎರಡು ಮೂರು ಸೆಕೆಂಡ್ ಮುಟ್ಟಿಸಿ. ಎಣ್ಣೆ ಕರಗಿ ಕಾಗದಕ್ಕೆ ಬರುತ್ತದೆ. ನ್ಯೂಸ್ ಪೇಪರ್ ಇಡಬೇಡಿ, ಅದರ ಮಸಿ ಗೋಡೆಗೆ ಅಂಟುತ್ತದೆ. ಒಂದೇ ಸಲಕ್ಕೆ ಹೋಗುವುದಿಲ್ಲ, ಎರಡು ಮೂರು ರಾತ್ರಿ ಬೇಕು. ವರ್ಷಗಟ್ಟಲೆ ಕೂತ ಕಲೆ ಪೂರ್ತಿ ಹೋಗುವುದಿಲ್ಲ, ತಿಳಿಯಾಗುತ್ತದೆ ಅಷ್ಟೇ.

ಒಗ್ಗರಣೆ ಸಿಡಿದ ಕಲೆ. ಹೊಸದಾದರೆ ಸೋಪಿನ ಬೆಚ್ಚನೆ ನೀರಿಗೆ ಹೋಗುತ್ತದೆ. ಹಳೆಯದಾದರೆ ಎಣ್ಣೆಗೆ ಧೂಳು ಕೂತು ಅಂಟಂಟಾಗಿರುತ್ತದೆ. ಸೋಪಿನ ಬಟ್ಟೆಯನ್ನು ಐದು ನಿಮಿಷ ಒತ್ತಿ ಹಿಡಿದು ಆಮೇಲೆ ಒರೆಸಿ. ಬಟ್ಟೆ ಸೋಡಾ ಹಾಕಿದ ಬಿಸಿನೀರು ಟೈಲ್ಸ್‌ಗೆ ಒಳ್ಳೆಯದು, ಪೇಂಟ್ ಗೋಡೆಗೆ ಬೇಡ.

ಅರಿಶಿನ. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎಲ್ಲರೂ ತಪ್ಪುವುದು ಇಲ್ಲೇ. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಅದೇ ಗೋಡೆಯ ಮೇಲೂ ಆಗುತ್ತದೆ. ಸೋಪು, ಸೋಡಾ, ಸುಣ್ಣ ಎಲ್ಲವೂ ಕ್ಷಾರ. ಕ್ಷಾರ ಸೋಕಿದರೆ ಅರಿಶಿನ ಕೆಂಪಾಗುತ್ತದೆ. ಹಳದಿ ಚುಕ್ಕೆಗೆ ಸೋಪು ಹಚ್ಚಿ, ಅದು ರಕ್ತದ ಬಣ್ಣಕ್ಕೆ ತಿರುಗಿದಾಗ ಗಾಬರಿಯಾಗಿ ಇನ್ನೂ ಜೋರಾಗಿ ಉಜ್ಜುತ್ತಾರೆ. ಗಾಬರಿ ಬೇಡ. ನೀರು ಬೆರೆಸಿದ ವಿನೆಗರ್ ತಾಗಿಸಿದರೆ ಮತ್ತೆ ಹಳದಿಯಾಗುತ್ತದೆ.

ಸರಿಯಾದ ದಾರಿ ಹೀಗೆ. ಮೊದಲು ಪುಡಿಯನ್ನು ಒಣ ಬ್ರಷ್‌ನಿಂದ ಉದುರಿಸಿ. ಅರಿಶಿನದ ಬಣ್ಣ ನೀರಿಗಿಂತ ಸ್ಪಿರಿಟ್‌ನಲ್ಲಿ ಚೆನ್ನಾಗಿ ಕರಗುತ್ತದೆ, ಆದ್ದರಿಂದ ಪೆನ್ನಿನ ಕಲೆಗೆ ಹೇಳಿದ ಹಾಗೆ ಹತ್ತಿ ಕಡ್ಡಿಯಲ್ಲಿ ತೆಗೆಯಿರಿ. ಉಳಿದದ್ದನ್ನು ಬಿಸಿಲಿಗೆ ಬಿಡಿ. ಅರಿಶಿನದ ಬಣ್ಣ ಬಿಸಿಲಲ್ಲಿ ತಾನಾಗಿ ಮಂಕಾಗುತ್ತದೆ. ಕಿಟಕಿಯ ಬೆಳಕು ಬೀಳುವ ಗೋಡೆಯಾದರೆ ಪರದೆ ಸರಿಸಿಟ್ಟು ಕೆಲವು ದಿನ ಕಾಯುವುದು ಎಲ್ಲ ಮದ್ದಿಗಿಂತ ಮೇಲು. ಕುಂಕುಮಕ್ಕೂ ಮೊದಲು ಒಣ ಬ್ರಷ್ಷೇ. ಒದ್ದೆ ಬಟ್ಟೆ ಹಾಕಿದಿರೋ, ಚಿಟಿಕೆ ಕುಂಕುಮ ಅಂಗೈಯಗಲ ಗುಲಾಬಿ ಕಲೆಯಾಗುತ್ತದೆ. ಬಣ್ಣದ ರಾಸಾಯನಿಕ ಸೇರಿದ ಕುಂಕುಮದ ಕಲೆ ಬಿಸಿಲಿಗೂ ಹೋಗದೆ ಉಳಿಯಬಹುದು.

ದೇವರ ಮನೆಯ ದೀಪದ ಮಸಿ. ಇಲ್ಲೂ ನೀರು ಶತ್ರು. ಮಸಿ ಅಂದರೆ ತೀರಾ ನುಣುಪಾದ ಇಂಗಾಲದ ಪುಡಿ. ಒದ್ದೆಯಾದರೆ ಕಾಡಿಗೆಯೇ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಬ್ರಷ್ ಮೂತಿ ಹಾಕಿ, ಗೋಡೆಗೆ ತಾಗಿಸದೆ ಹತ್ತಿರ ಹಿಡಿದು ಎಳೆಯಿರಿ. ಇಲ್ಲದಿದ್ದರೆ ಬ್ರೆಡ್ಡಿನ ಉಂಡೆ ಅಥವಾ ಒಣ ಸ್ಪಂಜ್. ಒಂದೇ ದಿಕ್ಕಿಗೆ, ಒಂದು ಎಳೆತಕ್ಕೆ ಒಂದು ಹೊಸ ಮುಖ. ಸಡಿಲ ಮಸಿ ಪೂರ್ತಿ ಬಂದ ಮೇಲೆಯೇ ಸೋಪಿನ ನೀರು.

ಡಬಲ್ ಸೈಡ್ ಟೇಪ್, ಸ್ಟಿಕರ್. ಎಳೆದು ಕಿತ್ತರೆ ಪುಟ್ಟಿ ಸಮೇತ ಬರುತ್ತದೆ. ಹೇರ್ ಡ್ರೈಯರ್‌ನಲ್ಲಿ ಬೆಚ್ಚಗೆ ಮಾಡಿ, ಒಂದು ತುದಿಯನ್ನು ಗೋಡೆಗೆ ಅಂಟಿದಂತೆಯೇ ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆಯಿರಿ. ನಿಮ್ಮ ಕಡೆಗೆ ಎಳೆಯಬೇಡಿ. ಉಳಿದ ಅಂಟನ್ನು ಬೆರಳಿನಿಂದಲೋ ರಬ್ಬರ್‌ನಿಂದಲೋ ಉರುಳಿಸಿ ತೆಗೆಯಿರಿ. ಕೊಬ್ಬರಿ ಎಣ್ಣೆ ಹಚ್ಚಿ ಅಂತ ಹೇಳುವವರಿದ್ದಾರೆ. ಗಾಜಿಗೆ, ಸ್ಟೀಲಿಗೆ ಸರಿ. ಗೋಡೆಗೆ ಹಚ್ಚಿದರೆ ಅಂಟು ಹೋಗಿ ಎಣ್ಣೆ ಕಲೆ ಕೂರುತ್ತದೆ.

ಸೊಳ್ಳೆ ಹೊಡೆದ ರಕ್ತದ ಕಲೆಗೆ ತಣ್ಣೀರು ಮಾತ್ರ. ಬಿಸಿನೀರಿಗೆ ರಕ್ತ ಗಟ್ಟಿಯಾಗಿ ಕೂರುತ್ತದೆ. ಹಲ್ಲಿ ಹಿಕ್ಕೆ, ಕಡಜದ ಮಣ್ಣಿನ ಗೂಡು ಪೂರ್ತಿ ಒಣಗಿದ ಮೇಲೆ ಕಾರ್ಡಿನಿಂದ ಎಬ್ಬಿಸಿ, ಆಮೇಲೆ ಒದ್ದೆ ಬಟ್ಟೆ.

6. ತೇವ, ಉಪ್ಪು, ಬೂಷ್ಟು

ಇವು ಕಲೆಗಳಲ್ಲ, ಗೋಡೆಯ ಕಾಯಿಲೆಯ ಗುರುತು. ಮಲೆನಾಡು, ಕರಾವಳಿಯವರಿಗೆ ಹೇಳಬೇಕಾಗಿಲ್ಲ.

ತೇವ ಎಲ್ಲಿಂದ ಬರುತ್ತಿದೆ ಅಂತ ತಿಳಿಯಲು ಒಂದು ಸುಲಭ ಉಪಾಯ. ಎರಡು ಅಂಗೈ ಅಗಲದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಮುಖದಲ್ಲಿ, ಅಂದರೆ ಗೋಡೆ ಕಡೆ, ಹನಿ ಕೂತಿದ್ದರೆ ನೀರು ಗೋಡೆಯ ಒಳಗಿನಿಂದ ಬರುತ್ತಿದೆ. ಪೈಪ್, ತಾರಸಿ, ಹೊರಗೋಡೆಯ ಬಿರುಕು ನೋಡಿಸಬೇಕು. ಹೊರಮುಖದಲ್ಲಿ ಹನಿ ಇದ್ದರೆ ಕೋಣೆಯ ಗಾಳಿಯಲ್ಲೇ ತೇವ ಜಾಸ್ತಿ. ಕಿಟಕಿ ತೆರೆಯಿರಿ, ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆಯಿರಿ, ಒದ್ದೆ ಬಟ್ಟೆಯನ್ನು ಕೋಣೆಯೊಳಗೆ ಒಣಗಿಸಬೇಡಿ.

ಗೋಡೆಯಲ್ಲಿ ಬಿಳಿ ಪುಡಿ ಉಬ್ಬಿ ಬಂದಿದ್ದರೆ ಅದು ಇಟ್ಟಿಗೆ, ಸಿಮೆಂಟಿನ ಒಳಗಿನ ಉಪ್ಪು. ಒಣ ಬ್ರಷ್‌ನಿಂದ ಉದುರಿಸಿ ಗುಡಿಸಿ. ನೀರಲ್ಲಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ, ಒಣಗಿದಾಗ ಮತ್ತೆ ಹೊರಬರುತ್ತದೆ.

ಕಪ್ಪು ಬೂಷ್ಟಿಗೆ ಮಾಸ್ಕ್, ಗ್ಲೌಸ್ ಹಾಕಿಕೊಳ್ಳಿ. ಒಣಗಿರುವಾಗ ಕೆರೆಯಬೇಡಿ, ಪುಡಿ ಹಾರಿ ಮೂಗಿಗೆ ಹೋಗುತ್ತದೆ. ಬಿಳಿ ವಿನೆಗರ್ ಸ್ಪ್ರೇ ಮಾಡಿ ಒಂದು ಗಂಟೆ ಬಿಟ್ಟು ಒರೆಸಿ. ಸುಣ್ಣದ ಗೋಡೆಗೆ ವಿನೆಗರ್ ಬೇಡ, ಹುಳಿ ಸುಣ್ಣವನ್ನು ತಿನ್ನುತ್ತದೆ. ಬ್ಲೀಚ್ ಬಳಸುವುದಾದರೆ ಅದನ್ನು ವಿನೆಗರ್ ಜೊತೆ, ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ, ಅಮೋನಿಯಾ ಇರುವ ಗಾಜಿನ ಕ್ಲೀನರ್ ಜೊತೆ ಯಾವ ಕಾರಣಕ್ಕೂ ಸೇರಿಸಬೇಡಿ. ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಬಾಗಿಲು ಮುಚ್ಚಿದ ಚಿಕ್ಕ ಕೋಣೆಯಲ್ಲಿ ಪ್ರಾಣಕ್ಕೇ ಅಪಾಯ. ಒಂದನ್ನು ಬಳಸಿದ ದಿನ ಇನ್ನೊಂದನ್ನು ಮುಟ್ಟಬೇಡಿ.

7. ಹೋಗದ ಕಲೆಗೆ

ತಾರಸಿ ಸೋರಿ ಆದ ಕಂದು ಗೆರೆ, ಹಳೆಯ ಎಣ್ಣೆ, ಸ್ಪಿರಿಟ್‌ಗೂ ಬಿಡದ ಪರ್ಮನೆಂಟ್ ಮಾರ್ಕರ್, ಇವು ಒರೆಸಿದರೆ ಹೋಗುವುದಿಲ್ಲ. ಮೇಲೆ ಸುಮ್ನೆ ಪೇಂಟ್ ಹೊಡೆದರೆ ಕೆಲವೇ ದಿನದಲ್ಲಿ ಹೊಸ ಬಣ್ಣದ ಮೂಲಕವೂ ಇಣುಕುತ್ತವೆ. ನೀರಿನಲ್ಲಿ ಬೆರೆಸುವ ಪೇಂಟ್ ಕಲೆಯನ್ನು ಕರಗಿಸಿ ಮೇಲಕ್ಕೆ ಎಳೆದುಕೊಳ್ಳುವುದೇ ಇದಕ್ಕೆ ಕಾರಣ. ಕಲೆಯ ಮೇಲೆ ಮೊದಲು ಎಣ್ಣೆ ಆಧಾರದ ಪ್ರೈಮರ್ ಒಂದು ಕೋಟ್ ಹೊಡೆದು, ಪೂರ್ತಿ ಒಣಗಿಸಿ, ಆಮೇಲೆ ಬಣ್ಣ. ಬಣ್ಣದ ಅಂಗಡಿಯಲ್ಲಿ "ಸಾಲ್ವೆಂಟ್ ಪ್ರೈಮರ್" ಅಂತ ಕೇಳಿ. ತೇವ ಇರುವ ಗೋಡೆಯಾದರೆ ಸೋರಿಕೆ ನಿಂತು ಗೋಡೆ ಒಣಗುವ ತನಕ ಪ್ರೈಮರ್ ಕೂಡ ಬೇಡ, ಗುಳ್ಳೆ ಏಳುತ್ತದೆ.

ಹಳೆಯ ಮನೆಯಲ್ಲಿ ಇದ್ದೀರಾದರೆ ಇದನ್ನು ಗಮನವಿಟ್ಟು ಓದಿ. ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲಿಗಿಂತ ಹೆಚ್ಚಿರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಎಣ್ಣೆ ಪೇಂಟ್‌ನಲ್ಲಿ ಸೀಸ ಹೆಚ್ಚಿರಬಹುದು. ಅಂಥ ಗೋಡೆ, ಬಾಗಿಲು, ಕಿಟಕಿಗಳನ್ನು ಉಜ್ಜುಕಾಗದದಲ್ಲಿ ಒಣದಾಗಿ ಉಜ್ಜಬೇಡಿ. ಆ ಧೂಳು ಮಕ್ಕಳಿಗೆ, ಗರ್ಭಿಣಿಯರಿಗೆ ಬಹಳ ಕೆಟ್ಟದ್ದು. ಉಜ್ಜಲೇಬೇಕೆಂದರೆ ಒದ್ದೆ ಮಾಡಿಕೊಂಡೇ ಉಜ್ಜಿ, ಮಕ್ಕಳನ್ನು ಆ ಕೋಣೆಯಿಂದ ದೂರ ಇಡಿ, ಕೆಳಗೆ ಬಿದ್ದದ್ದನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಚಿಕ್ಕ ಜಾಗಕ್ಕೆ ಟಚ್ ಅಪ್ ಮಾಡುವಾಗ ಮೊದಲ ಸಲ ರೋಲರ್ ಬಳಸಿದ್ದರೆ ಈಗಲೂ ಚಿಕ್ಕ ರೋಲರ್ ಬಳಸಿ. ಬ್ರಷ್ ಹಾಕಿದರೆ ಅದೇ ಬಣ್ಣವೂ ಬೇರೆಯಾಗಿ ಕಾಣುತ್ತದೆ. ಗೋಡೆಗೆ ಮೂರು ನಾಲ್ಕು ವರ್ಷವಾಗಿದ್ದರೆ ಹಳೆ ಬಣ್ಣ ಮಂಕಾಗಿರುತ್ತದೆ, ತೇಪೆ ಎದ್ದು ಕಾಣುತ್ತದೆ. ಆಗ ಆ ಒಂದು ಗೋಡೆಯನ್ನು ಮೂಲೆಯಿಂದ ಮೂಲೆಗೆ ಪೂರ್ತಿ ಹೊಡೆಸುವುದೇ ಲೇಸು. ಬಾಡಿಗೆ ಮನೆಯವರು ಇದಕ್ಕೆ ಕೈ ಹಾಕುವ ಮುಂಚೆ ಮನೆಯ ಮಾಲೀಕರನ್ನು ಒಂದು ಮಾತು ಕೇಳಿ. ಹೇಗೂ ಪೇಂಟಿಂಗ್ ದುಡ್ಡು ಹಿಡಿಯುವುದಾದರೆ ನೀವು ಮತ್ತೆ ಖರ್ಚು ಮಾಡುವುದು ಯಾಕೆ?

ಇದೇ ಬಣ್ಣ ಬೇಕು ಅಂತ ಅಂಗಡಿಗೆ ಹೋದಾಗ "ತಿಳಿ ಹಳದಿ" ಅಂದರೆ ಆಗುವುದಿಲ್ಲ, ಶೇಡ್ ನಂಬರ್ ಬೇಕು. ಅದು ಪೇಂಟ್ ಡಬ್ಬದ ಮುಚ್ಚಳದ ಮೇಲೆ ಅಂಟಿಸಿದ ಚೀಟಿಯಲ್ಲಿ ಇರುತ್ತದೆ. ಪೇಂಟರ್ ಡಬ್ಬ ತೆಗೆದುಕೊಂಡು ಹೋಗುವ ಮೊದಲು ಮೊಬೈಲಿನಲ್ಲಿ ಅದರ ಫೋಟೊ ತೆಗೆದಿಡಿ. ಕೋಣೆಯ ಹೆಸರು ಮತ್ತು ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿ.